ಆರು ಗ್ಲಾಸಿನ ಹಲಗೆ, ಹಳೇ ಫ್ರಿಜ್: ಮನೆಯಲ್ಲೇ ಬಿಯರ್ ಹೋಲಿಸಿ ನೋಡುವ ಏರ್ಪಾಡು

ಇವತ್ತು ಸ್ಟೌಟ್ ಅನ್ನುವ ಕಪ್ಪು ಬಿಯರ್ ಒಂದು, ಮುಂದಿನ ತಿಂಗಳು ಇನ್ನೊಂದು ಸ್ಟೌಟ್. ಎರಡರಲ್ಲಿ ಯಾವುದು ಚೆನ್ನಾಗಿತ್ತು ಅಂತ ಕೇಳಿದರೆ ನಾನು ಕೊಡುವ ಉತ್ತರದಲ್ಲಿ ಬಿಯರ್‌ಗಿಂತ ಆ ದಿನದ ಮೂಡೇ ಜಾಸ್ತಿ ಇರುತ್ತದೆ. ರುಚಿಯ ನೆನಪು ಅಷ್ಟು ಗಟ್ಟಿಯಲ್ಲ. ಪಕ್ಕಪಕ್ಕದಲ್ಲಿಟ್ಟು ಒಂದೇ ಹೊತ್ತಿನಲ್ಲಿ ನೋಡಬೇಕು. ಹಾಗೆ ಇಟ್ಟರೂ ಸಾಲದು. ಒಂದು ಬಾಟಲಿ ಫ್ರಿಜ್ಜಿನ ಹಿಂಬದಿಯಲ್ಲಿ 2 ಡಿಗ್ರಿಯಲ್ಲಿತ್ತು, ಇನ್ನೊಂದು ಬಾಗಿಲಲ್ಲಿ 8 ಡಿಗ್ರಿಯಲ್ಲಿತ್ತು ಅನ್ನಿ. ಆಗ ನಾವು ಹೋಲಿಸುತ್ತಿರುವುದು ಫ್ರಿಜ್ಜಿನ ಎರಡು ಮೂಲೆಗಳನ್ನು, ಅಲ್ವಾ?

ಬಿಯರ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಒಂದೇ ಥರ ಇರಬೇಕು. ಇದೊಂದೇ ಗುರಿ ಇಟ್ಟುಕೊಂಡು ಮೂರು ವಸ್ತು ಸಿದ್ಧ ಮಾಡಿದೆ. ಬೇಕಾದ ಡಿಗ್ರಿಯಲ್ಲಿ ನಿಲ್ಲುವ ಫ್ರಿಜ್, ಆರು ಗ್ಲಾಸ್ ಕೂರುವ ಹಲಗೆ, ಬಣ್ಣ ಸರಿಯಾಗಿ ತೋರಿಸುವ ದೀಪ. ಕೆಲಸ ನಡೆದ ಬಗೆ ಇಲ್ಲಿದೆ.

ಫ್ರಿಜ್ ರಿಪೇರಿ

ಮನೆಯಲ್ಲಿ ಒಂಟಿ ಬಾಗಿಲಿನ ಹಳೇ ಫ್ರಿಜ್ ಒಂದು ಸುಮ್ನೆ ಕೂತಿತ್ತು. ಅದರ ಕಾಯಿಲೆ ತಂಪಾಗದೆ ಇರುವುದಲ್ಲ, ನಿಲ್ಲದೆ ತಂಪಾಗುವುದು. ಗುಂಡಿಯನ್ನು ಸೊನ್ನೆಗೆ ತಿರುಗಿಸಿದರೂ ಕಂಪ್ರೆಸರ್ ಓಡುತ್ತಲೇ ಇರುತ್ತಿತ್ತು. ಕೆಳಗಿನ ತಟ್ಟೆಯಲ್ಲಿಟ್ಟ ನೀರೂ ಗಡ್ಡೆ ಕಟ್ಟುತ್ತಿತ್ತು.

ಈ ಲಕ್ಷಣ ಕಂಡರೆ ಮೊದಲ ಅನುಮಾನ ಥರ್ಮೋಸ್ಟಾಟ್ ಮೇಲೆ. ಹಳೇ ಫ್ರಿಜ್ಜುಗಳಲ್ಲಿ ಇದು ತುಂಬ ಸರಳ ಸಾಮಾನು. ಸಣ್ಣ ಕೊಳವೆಯೊಂದರಲ್ಲಿ ಅನಿಲ ತುಂಬಿರುತ್ತದೆ. ಕೊಳವೆಯ ತುದಿ ಫ್ರೀಜರ್‌ಗೆ ತಾಗಿಕೊಂಡಿರುತ್ತದೆ. ಅಲ್ಲಿ ತಣ್ಣಗಾದಂತೆ ಅನಿಲದ ಒತ್ತಡ ಇಳಿದು ಒಳಗಿನ ಸ್ವಿಚ್ ಬಿಟ್ಟುಕೊಳ್ಳುತ್ತದೆ. ವರ್ಷಗಟ್ಟಲೆ ಕಿಡಿ ಹಾರಿ ಹಾರಿ ಆ ಸ್ವಿಚ್ಚಿನ ಎರಡು ತುದಿ ಒಂದಕ್ಕೊಂದು ಅಂಟಿಕೊಂಡರೆ ಕಂಪ್ರೆಸರ್‌ಗೆ ಬಿಡುವೇ ಇಲ್ಲ. ಪ್ಲಗ್ ಕಿತ್ತು, ಥರ್ಮೋಸ್ಟಾಟಿನ ವೈರ್ ಬಿಡಿಸಿ, ಗುಂಡಿ ಸೊನ್ನೆಯಲ್ಲಿಟ್ಟು ಮಲ್ಟಿಮೀಟರ್ ಹಚ್ಚಿದೆ. ಬೀಪ್ ಅಂತು, ಅಂದರೆ ಸ್ವಿಚ್ ಸೇರಿಕೊಂಡೇ ಇದೆ. ಸೊನ್ನೆಯಲ್ಲಿ ಬೀಪ್ ಬರಬಾರದು. ಕಾಯಿಲೆ ಸಿಕ್ಕಿತು.

ಅದೇ ಥರದ ಹೊಸ ಥರ್ಮೋಸ್ಟಾಟ್ ಹಾಕಿದ್ದರೆ ಫ್ರಿಜ್ ಮಾಮೂಲಿ ಫ್ರಿಜ್ ಆಗುತ್ತಿತ್ತು. ನನಗೆ ಬೇಕಾದದ್ದು 5ರಿಂದ 13 ಡಿಗ್ರಿವರೆಗೆ ಎಲ್ಲಿ ಹೇಳಿದರೆ ಅಲ್ಲಿ ನಿಲ್ಲುವ ಪೆಟ್ಟಿಗೆ. ಅದಕ್ಕೆ ಹೊರಗಿನಿಂದ ಕಂಟ್ರೋಲರ್ ಹಾಕಿದೆ. ಮನೆಯಲ್ಲಿ ಬಿಯರ್ ಮಾಡುವವರು ತುಂಬ ಬಳಸುವ ಎಸ್‌ಟಿಸಿ-1000 ಅನ್ನುವ ಮಾದರಿ. ಥರ್ಮೋಸ್ಟಾಟಿಗೆ ಹೋಗುತ್ತಿದ್ದ ಎರಡು ವೈರುಗಳನ್ನು ಕನೆಕ್ಟರಿನಲ್ಲಿ ನೇರವಾಗಿ ಸೇರಿಸಿದೆ. ಈಗ ಪ್ಲಗ್‌ಗೆ ಕರೆಂಟ್ ಬಂದರೆ ಕಂಪ್ರೆಸರ್ ಓಡುತ್ತದೆ, ಹೋದರೆ ನಿಲ್ಲುತ್ತದೆ. ಕಂಟ್ರೋಲರ್ ಆ ಪ್ಲಗ್‌ಗೆ ಬರುವ ಫೇಸ್ ವೈರನ್ನು ಕೊಡುತ್ತದೆ, ಕಡಿಯುತ್ತದೆ. ನ್ಯೂಟ್ರಲ್ ಮತ್ತು ಅರ್ಥ್ ನೇರವಾಗಿ ಹೋಗಬೇಕು. ಅರ್ಥ್ ವೈರನ್ನು ಯಾವ ಕಾರಣಕ್ಕೂ ಬಿಡಬಾರದು. ಒದ್ದೆ ಕೈಯಲ್ಲಿ ಮುಟ್ಟುವ ಪೆಟ್ಟಿಗೆ ಇದು. ವೈರಿಂಗ್ ಅಭ್ಯಾಸ ಇಲ್ಲದವರಿಗೆ ಪ್ಲಗ್ ಮತ್ತು ಸಾಕೆಟ್ ಸಮೇತ ಸಿದ್ಧವಾಗಿ ಬರುವ ಕಂಟ್ರೋಲರ್‌ಗಳಿವೆ. ಅದನ್ನು ತಗೊಂಡರೆ ಪೆಟ್ಟಿಗೆಯ ವೈರಿಂಗ್ ಮಾಡುವುದು ತಪ್ಪುತ್ತದೆ. ಥರ್ಮೋಸ್ಟಾಟ್ ಸರಿಯಿರುವ ಫ್ರಿಜ್ ಆದರೆ ಗುಂಡಿಯನ್ನು ಪೂರ್ತಿ ತಂಪಿಗೆ ತಿರುಗಿಸಿಟ್ಟರೆ ಸಾಕು, ಒಳಗೆ ಏನನ್ನೂ ಬಿಚ್ಚಬೇಕಿಲ್ಲ.

ಸೆಟ್ಟಿಂಗ್ ನಾಲ್ಕೇ. ಎಫ್ 1 ಅಂದರೆ ಬೇಕಾದ ಡಿಗ್ರಿ. ಎಫ್ 2 ಅಂದರೆ ಎಷ್ಟು ಏರಿದ ಮೇಲೆ ಮತ್ತೆ ಓಡಬೇಕು ಅನ್ನುವುದು. ಎಫ್ 3 ಕಂಪ್ರೆಸರ್ ಒಮ್ಮೆ ನಿಂತ ಮೇಲೆ ಎಷ್ಟು ನಿಮಿಷ ಕಾಯಬೇಕು ಅನ್ನುವುದು. ಇದನ್ನು 3ಕ್ಕಿಂತ ಕಡಿಮೆ ಮಾಡಬೇಡಿ. ನಿಂತ ಕೂಡಲೇ ಪೈಪಿನೊಳಗೆ ಒಂದು ಕಡೆ ಒತ್ತಡ ಜಾಸ್ತಿ ಇರುತ್ತದೆ. ಎರಡೂ ಕಡೆ ಸಮ ಆಗುವ ಮೊದಲೇ ಮತ್ತೆ ಶುರು ಮಾಡಿದರೆ ಮೋಟಾರು ಒದ್ದಾಡುತ್ತದೆ. ಎಫ್ 4 ಪ್ರೋಬ್ (ತಾಪ ಅಳೆಯುವ ವೈರಿನ ತುದಿ) ತೋರಿಸುವ ತಪ್ಪನ್ನು ತಿದ್ದಲಿಕ್ಕೆ.

ಎಫ್ 4 ಎಷ್ಟಿರಬೇಕು ಅಂತ ತಿಳಿಯಲು ಐಸ್ ಸಾಕು. ಒಂದು ಲೋಟ ತುಂಬ ಜಜ್ಜಿದ ಐಸ್, ಅದು ಮುಳುಗುವಷ್ಟು ಮಾತ್ರ ನೀರು. ಚೆನ್ನಾಗಿ ಕಲಕಿ ಪ್ರೋಬ್ ಇಳಿಸಿದರೆ 0 ತೋರಿಸಬೇಕು. ನನ್ನದು 0.6 ತೋರಿಸಿತು. ಎಫ್ 4ರಲ್ಲಿ ಮೈನಸ್ 0.6 ಹಾಕಿದೆ, ಮುಗಿಯಿತು.

ಪ್ರೋಬ್ ಎಲ್ಲಿಡಬೇಕು ಅನ್ನುವುದರಲ್ಲೇ ನಿಜವಾದ ಆಟ ಇರುವುದು. ಗಾಳಿಯಲ್ಲಿ ನೇತುಹಾಕಿದರೆ ಬಾಗಿಲು ತೆಗೆದಾಗಲೆಲ್ಲ ಅದಕ್ಕೆ ಸೆಖೆ ಆಗುತ್ತದೆ. ಕಂಪ್ರೆಸರ್ ಪದೇ ಪದೇ ಹತ್ತಿ ಆರುತ್ತದೆ. ನೀರು ತುಂಬಿದ ಬಾಟಲಿಯೊಳಗೆ ಮುಳುಗಿಸಿಟ್ಟರೆ ಉಲ್ಟಾ ತೊಂದರೆ. ನೀರು ನಿಧಾನವಾಗಿ ತಣ್ಣಗಾಗುವಷ್ಟರಲ್ಲಿ ಮೇಲಿನ ಫ್ರೀಜರ್ ತಟ್ಟೆ ಮಂಜುಗಟ್ಟಿರುತ್ತದೆ. ಕಂಪ್ರೆಸರ್ ನಿಂತ ಮೇಲೂ ಆ ತಂಪು ಕೆಳಗಿಳಿಯುತ್ತಲೇ ಇರುತ್ತದೆ. 8 ಅಂತ ಹೇಳಿದ್ದು 6ಕ್ಕೆ ಹೋಗಿ ನಿಲ್ಲುತ್ತದೆ. ನನಗೆ ಸರಿಹೋದದ್ದು ನಡುವಿನ ದಾರಿ. ನೀರಿನ ಬಾಟಲಿಯ ಹೊರಮೈಗೆ ಪ್ರೋಬ್ ಅಂಟಿಸಿ, ಅದರ ಮೇಲೆ ಬೆರಳುದ್ದದ ಫೋಮ್ ತುಂಡು ಇಟ್ಟು ಟೇಪ್ ಸುತ್ತಿದೆ. ಎಫ್ 2ಕ್ಕೆ 1 ಡಿಗ್ರಿ. ಹೀಗಿಟ್ಟರೆ ನಡು ತಟ್ಟೆಯ ಬಾಟಲಿಗಳು ಹೇಳಿದ ಡಿಗ್ರಿಯ ಆಸುಪಾಸಿನಲ್ಲೇ ಇರುತ್ತವೆ. ಆರೂ ಬಾಟಲಿಗಳನ್ನು ಅದೇ ತಟ್ಟೆಯಲ್ಲಿ, ಹಿಂದಿನ ದಿನವೇ, ನಿಲ್ಲಿಸಿಡಬೇಕು. ನಿಂತಿದ್ದರೆ ತಳದ ಯೀಸ್ಟ್ ಕೆಳಗೇ ಕೂರುತ್ತದೆ.

ಗ್ಲಾಸ್ ಮಾಡುವ ಕಿತಾಪತಿ

ಫ್ರಿಜ್ 8 ತೋರಿಸಿದರೆ ಗ್ಲಾಸಿನಲ್ಲೂ 8 ಇರುತ್ತದೆ ಅಂದುಕೊಳ್ಳಬೇಡಿ. ಲೆಕ್ಕ ಹಾಕಿ ನೋಡಿ. ನನ್ನ ಗ್ಲಾಸ್ ಒಂದೊಂದು ಸುಮಾರು 150 ಗ್ರಾಂ. ಬಿಯರ್ ತಾಗುವುದು ಅದರ ಅರ್ಧಕ್ಕೆ. ಒಂದು ಗ್ರಾಂ ಗಾಜಿನ ಬಿಸಿ ಏರಲು ಬೇಕಾದ ಶಾಖ ಒಂದು ಗ್ರಾಂ ನೀರಿಗೆ ಬೇಕಾದದ್ದರ ಐದರಲ್ಲಿ ಒಂದು ಪಾಲು. ಅಂದರೆ 75 ಗ್ರಾಂ ಗಾಜು 15 ಗ್ರಾಂ ನೀರಿಗೆ ಸಮ. ಕೋಣೆ 25 ಡಿಗ್ರಿ ಇದ್ದು, 8 ಡಿಗ್ರಿಯ 75 ಮಿ.ಲೀ. ಬಿಯರ್ ಸುರಿದರೆ ಎರಡೂ ಸೇರಿ 10.8ಕ್ಕೆ ಬಂದು ನಿಲ್ಲಬೇಕು. ಅಡುಗೆ ಥರ್ಮಾಮೀಟರ್ ಇಟ್ಟು ನೋಡಿದಾಗಲೂ ಹೆಚ್ಚು ಕಡಿಮೆ ಅಷ್ಟೇ ಬಂತು. ಮೂಗಿನ ಹತ್ತಿರ ತರುವ ಮೊದಲೇ ಸುಮಾರು 3 ಡಿಗ್ರಿ ಹೋಯಿತು!

ಉಪಾಯ ಸುಲಭ. ಸುರಿಯುವ ಮೊದಲು ಎಲ್ಲ ಗ್ಲಾಸುಗಳನ್ನೂ ತಣ್ಣೀರಿನಲ್ಲಿ ಅದ್ದಿ ತೆಗೆಯುವುದು, ಮತ್ತು ಫ್ರಿಜ್ಜನ್ನು ಬೇಕಾದದ್ದಕ್ಕಿಂತ 2 ಡಿಗ್ರಿ ಕಡಿಮೆಗೆ ಇಡುವುದು. ಗ್ಲಾಸನ್ನು ಫ್ರೀಜರಿನಲ್ಲಿಡುವುದು ಬೇಡ. ಒಳಗೆ ಕಟ್ಟಿದ ಮಂಜು ನೊರೆಯನ್ನು ಕೆಡಿಸುತ್ತದೆ, ಘಮವನ್ನೂ ಅದುಮುತ್ತದೆ.

ಎಷ್ಟು ಡಿಗ್ರಿ ಬೇಕು? ಲಾಗರ್‌ಗೆ (ತಂಪಿನಲ್ಲಿ ಹುದುಗಿಸುವ ಬಿಯರ್) 5ರಿಂದ 7, ಐಪಿಎಗೆ (ಹಾಪ್ಸ್ ಅನ್ನುವ ಹೂವು ಜಾಸ್ತಿ ಹಾಕಿದ ಕಹಿ ಬಿಯರ್) 8ರಿಂದ 10, ಸ್ಟೌಟ್ ಮತ್ತು ಬೆಲ್ಜಿಯಂ ಶೈಲಿಯ ಗಟ್ಟಿ ಬಿಯರ್‌ಗಳಿಗೆ 10ರಿಂದ 13 ಅನ್ನುವುದು ರೂಢಿ. ಕುಡಿದು ಖುಷಿಪಡಲಿಕ್ಕೆ ಅದು ಸರಿ. ಹೋಲಿಸಲಿಕ್ಕೆ ನಾನು ಎಲ್ಲವನ್ನೂ ಒಂದೇ ಡಿಗ್ರಿಯಲ್ಲಿ ಶುರುಮಾಡುತ್ತೇನೆ, ಗ್ಲಾಸಿನಲ್ಲಿ 8. ಆಮೇಲೆ ಅವುಗಳ ಪಾಡಿಗೆ ಬೆಚ್ಚಗಾಗಲು ಬಿಡುತ್ತೇನೆ. ತಂಪಿನಲ್ಲಿ ಮೂಗಿಗೆ ಬರುವ ಆವಿ ಕಡಿಮೆ, ಸಿಹಿಯೂ ಮಂಕು. ಬೆಚ್ಚಗಾದಂತೆ ಯಾವ ಬಿಯರ್ ಅರಳುತ್ತದೆ, ಯಾವುದು ಜೋಲುತ್ತದೆ ಅನ್ನುವುದು ಗೊತ್ತಾಗುವುದೇ ಹೀಗೆ ಬಿಟ್ಟಾಗ.

ಹಲಗೆ

600 ಮಿ.ಮೀ. ಉದ್ದ, 120 ಅಗಲ. ಕೆಳಗೆ 12 ಮಿ.ಮೀ. ದಪ್ಪದ ಮರ, ಮೇಲೆ 6 ಮಿ.ಮೀ. ಪ್ಲೈವುಡ್. ದಪ್ಪ ಹಲಗೆಯಲ್ಲಿ 60 ಮಿ.ಮೀ. ಅಗಲದ ಚಪ್ಪಟೆ ತಳದ ಗುಳಿ ತೋಡಬೇಕಾದರೆ ಸ್ಟ್ಯಾಂಡ್ ಡ್ರಿಲ್ ಬೇಕು. ತೆಳು ಪ್ಲೈಯಲ್ಲಿ ಹೋಲ್ ಸಾ (ಡ್ರಿಲ್‌ಗೆ ಹಾಕುವ ದುಂಡು ಗರಗಸ) ಹಾಕಿ ಆರ್‌ಪಾರ್ ತೂತು ಕೊರೆದು, ಅದನ್ನು ಕೆಳಗಿನ ಮರಕ್ಕೆ ಗೋಂದಿನಲ್ಲಿ ಅಂಟಿಸಿದರೆ ಅದೇ ಗುಳಿ ಕೈ ಡ್ರಿಲ್‌ನಲ್ಲೇ ಆಗುತ್ತದೆ. ಪ್ಲೈ ಕೆಳಗೆ ಬೇಡದ ಮರದ ತುಂಡು ಇಟ್ಟು ಕೊರೆಯಿರಿ. ಇಲ್ಲದಿದ್ದರೆ ಬ್ಲೇಡು ಹೊರಬರುವ ಕಡೆ ಚಕ್ಕೆ ಏಳುತ್ತದೆ.

ತೂತುಗಳ ನಡು ನಡುವೆ 95 ಮಿ.ಮೀ. ಅಂತರ. ಗ್ಲಾಸಿನ ಹೊಟ್ಟೆ 75 ಅಗಲ, ಆದ್ದರಿಂದ ಎರಡರ ಮಧ್ಯೆ ಬೆರಳು ತೂರಲು 20 ಉಳಿಯುತ್ತದೆ. ಎರಡು ತುದಿಯಲ್ಲಿ 62.5 ಜಾಗ. ತೂತುಗಳನ್ನು ನಟ್ಟನಡುವೆ ಕೊರೆಯದೆ ಸ್ವಲ್ಪ ಹಿಂದಕ್ಕೆ ತಳ್ಳಿದೆ. ಮುಂದೆ ಉಳಿದ 40 ಮಿ.ಮೀ. ಪಟ್ಟಿಯಲ್ಲಿ ಗ್ಲಾಸಿನ ನಂಬರ್ ಚೀಟಿ ಕೂರುತ್ತದೆ. ಪ್ರತಿ ಗುಳಿಯ ತಳಕ್ಕೆ ಬಿಳಿ ಸನ್ಮೈಕಾದ ದುಂಡು ಬಿಲ್ಲೆ ಅಂಟಿಸಿದೆ. ಮರದ ಕಂದು ಬಣ್ಣದ ಮೇಲೆ ಬಿಯರ್ ಇಟ್ಟರೆ ಎಲ್ಲವೂ ಒಂದು ಪಟ್ಟು ಕಂದಾಗಿ ಕಾಣುತ್ತವೆ. ಈ ಬಿಲ್ಲೆ ಇಲ್ಲದೆ ಬಣ್ಣದ ಮಾತೇ ಬೇಡ.

ಮರಕ್ಕೆ ವಾರ್ನಿಶ್ ಹೊಡೆಯಲಿಲ್ಲ. ನೋಡಲು ಚೆಂದ ನಿಜ, ಆದರೆ ವಾರಗಟ್ಟಲೆ ವಾಸನೆ ಬಿಡುತ್ತದೆ. ಮೂಗಿನ ಕೆಳಗೇ ಇರುವ ಹಲಗೆ ಇದು. ಅಗಸೆ ಎಣ್ಣೆಯೂ ಒಣಗುವಾಗ ಗಬ್ಬು. ಪೈನ್ ಮರದಲ್ಲಿ ರಾಳದ ವಾಸನೆ ಹೋಗುವುದೇ ಇಲ್ಲ, ಅದು ಐಪಿಎಯ ಹಾಪ್ಸ್ ಘಮದ ಜೊತೆ ಕಲಸಿಕೊಳ್ಳುತ್ತದೆ. ಆಹಾರಕ್ಕೆ ತಾಗಬಹುದಾದ, ವಾಸನೆ ಇಲ್ಲದ ಮಿನರಲ್ ಆಯಿಲ್ ಎರಡು ಕೋಟ್ ಹಚ್ಚಿ, ಗಾಳಿಯಾಡುವ ಕಡೆ ಇಟ್ಟೆ. ಹಲಗೆ ಸಿದ್ಧವೋ ಇಲ್ಲವೋ ಅಂತ ನೋಡುವ ಪರೀಕ್ಷೆ ಇಷ್ಟೇ: ಗುಳಿಯ ಮೇಲೆ ಖಾಲಿ ಗ್ಲಾಸ್ ಬೋರಲು ಹಾಕಿ, ಮಾರನೇ ದಿನ ಎತ್ತಿ ಮೂಸಿ. ಏನೂ ಬರಬಾರದು.

ಗ್ಲಾಸುಗಳು ಆರೂ ಒಂದೇ ಜಾತಿಯವು, ಕಾಲಿಲ್ಲದ ಟ್ಯುಲಿಪ್ ಆಕಾರ. ಮೇಲೆ ಬಾಯಿ ಸ್ವಲ್ಪ ಕಿರಿದಾಗಿರುವುದರಿಂದ ಘಮ ಒಳಗೇ ನಿಲ್ಲುತ್ತದೆ. ತೊಳೆಯುವುದು ಒಂದು ಕೆಲಸವೇ. ಸೋಪಿನ ಪಸೆ ಅಥವಾ ಜಿಡ್ಡು ಒಂದು ಚೂರು ಉಳಿದರೂ ನೊರೆ ಕೂತುಬಿಡುತ್ತದೆ. ಆಮೇಲೆ ನಾವು ಬಿಯರನ್ನು ಬೈಯುತ್ತೇವೆ. ಗ್ಲಾಸಿನ ಒಳಗೆ ನೀರಾಡಿಸಿ ಚೆಲ್ಲಿ, ಉಪ್ಪು ಉದುರಿಸಿ ನೋಡಿ. ಉಪ್ಪು ಎಲ್ಲ ಕಡೆ ಸಮನಾಗಿ ಅಂಟಿದರೆ ಸ್ವಚ್ಛ. ಎಲ್ಲಿ ಅಂಟುವುದಿಲ್ಲವೋ ಅಲ್ಲಿ ಜಿಡ್ಡಿದೆ. ತೊಳೆದ ಮೇಲೆ ಬಟ್ಟೆಯಿಂದ ಒರೆಸಬೇಡಿ, ಬೋರಲು ಹಾಕಿ ಒಣಗಿಸಿ.

ದೀಪದ ಬಗ್ಗೆ ಹೆಚ್ಚು ಹೇಳುವುದಿಲ್ಲ. 5000 ಕೆಲ್ವಿನ್, ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಳತೆ) 90ಕ್ಕಿಂತ ಮೇಲಿನ ಎಲ್‌ಇಡಿ ಬಲ್ಬ್, ಹಿಂದೆ ಬಿಳಿ ರಟ್ಟು. ಹಳದಿ ಬಲ್ಬಿನಡಿ ಪಿಲ್ಸ್ನರ್ ಅನ್ನುವ ತಿಳಿ ಲಾಗರ್ ಕೂಡ ಐಪಿಎ ಥರ ಕಾಣುತ್ತದೆ. ಬಿಯರ್ ಬಣ್ಣಕ್ಕೆ ಎಸ್‌ಆರ್‌ಎಂ ಅನ್ನುವ ಅಳತೆ ಇದೆ. ತಿಳಿ ಲಾಗರ್ 2ರಿಂದ 4, ಸ್ಟೌಟ್ 25ರಿಂದ 40. ಈ ಅಳತೆಯ ಹಿಂದಿರುವುದು ಜೋಸೆಫ್ ವಿಲಿಯಂಸ್ ಲವಿಬಾಂಡ್ ಅನ್ನುವ ಇಂಗ್ಲೆಂಡಿನ ಬಿಯರ್ ತಯಾರಕ. 1880ರ ದಶಕದಲ್ಲಿ ಬಣ್ಣದ ಗಾಜಿನ ತುಂಡುಗಳ ಪಕ್ಕ ಬಿಯರ್ ಹಿಡಿದು ಹೋಲಿಸುವ ಉಪಕರಣ ಮಾಡಿದವನು. ಬಣ್ಣ ಎಷ್ಟು ಗಾಢ ಅನ್ನುವುದು ಬೆಳಕು ಎಷ್ಟು ದಪ್ಪದ ಬಿಯರ್ ದಾಟಿ ಬಂತು ಅನ್ನುವುದರ ಮೇಲೆ ನಿಂತಿದೆ. ಆರೂ ಗ್ಲಾಸ್ ಒಂದೇ ಅಗಲ, ಒಂದೇ ಎತ್ತರಕ್ಕೆ ಸುರಿದಿರಬೇಕು ಅನ್ನುವುದು ಅದಕ್ಕೇ.

ಮೊದಲ ಸಾಲು, ಕಣ್ಣು ಬಿಟ್ಟು

ಆರು ಶೈಲಿ ಆರಿಸಿದೆ: ಜರ್ಮನ್ ಪಿಲ್ಸ್ (ಪಿಲ್ಸ್ನರ್), ಹೆಫೆವೈಜೆನ್ (ಗೋಧಿ ಬಿಯರ್), ಶ್ವಾರ್ಟ್ಸ್‌ಬಿಯರ್, ಡ್ರೈ ಸ್ಟೌಟ್, ಬೆಲ್ಜಿಯನ್ ಟ್ರಿಪೆಲ್, ಅಮೆರಿಕನ್ ಐಪಿಎ. ರುಚಿ ನೋಡಿದ್ದೂ ಇದೇ ಕ್ರಮದಲ್ಲಿ. ಕಡಿಮೆ ಆಲ್ಕೋಹಾಲ್, ಕಡಿಮೆ ಕಹಿಯಿಂದ ಶುರುಮಾಡಿ ಮೇಲೆ ಹೋಗುವುದು ನಿಯಮ. ಟ್ರಿಪೆಲ್ ಆಲ್ಕೋಹಾಲಿನಲ್ಲಿ ಎಲ್ಲಕ್ಕಿಂತ ಮುಂದಿದ್ದರೂ ಐಪಿಎಯನ್ನೇ ಕಡೆಗೆ ಇಟ್ಟೆ. ಆ ಕಹಿ ನಾಲಿಗೆ ಬಿಟ್ಟು ಹೋಗುವುದೇ ಇಲ್ಲ. ಕಹಿಯ ಅಳತೆ ಐಬಿಯು. ಹೆಫೆವೈಜೆನ್‌ನಲ್ಲಿ ಇದು 8ರಿಂದ 15, ಐಪಿಎಯಲ್ಲಿ 40ರಿಂದ 70. ಐಪಿಎ ಆದ ಮೇಲೆ ಹೆಫೆವೈಜೆನ್ ಕುಡಿದರೆ ನೀರು ಕುಡಿದ ಹಾಗೆ.

ಪಿಲ್ಸ್ ಮೊದಲಿಗೆ ಸಪ್ಪೆ ಅನ್ನಿಸಬಹುದು. ಅವಸರ ಬೇಡ. ಹಸಿ ಹಿಟ್ಟಿನ, ಬ್ರೆಡ್ಡಿನ ಘಮ, ಅದರ ಮೇಲೆ ಹುಲ್ಲು, ಹೂವಿನಂಥ ಹಾಪ್ಸ್. ನುಂಗಿದ ಮೇಲೆ ಬರುವ ಒಣ ಕಹಿಯೇ ಇದರ ಗುರುತು. ಈ ಕುಲದ ಮೂಲ 1842ರಲ್ಲಿ ಬೊಹೀಮಿಯದ (ಈಗಿನ ಚೆಕ್ ದೇಶ) ಪ್ಲಜೆನ್ ಊರಿನಲ್ಲಿ ಯೋಸೆಫ್ ಗ್ರೋಲ್ ಮಾಡಿದ ಹೊಂಬಣ್ಣದ ಲಾಗರ್. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) ತಿಳಿ, ಯೀಸ್ಟ್ ಸದ್ದು ಮಾಡುವುದಿಲ್ಲ. ಬಚ್ಚಿಟ್ಟುಕೊಳ್ಳಲು ಜಾಗ ಇಲ್ಲದ್ದರಿಂದ ಸಣ್ಣ ತಪ್ಪೂ ಇಲ್ಲಿ ಎದ್ದು ಕಾಣುತ್ತದೆ. ಬೇಯಿಸಿದ ಜೋಳದ ವಾಸನೆ ಬಂದರೆ ಅದು ಡಿಎಂಎಸ್ ಅನ್ನುವ ಗಂಧಕದ ಸಂಯುಕ್ತ. ಬೆಣ್ಣೆ ವಾಸನೆ ಬಂದರೆ ಡೈಅಸಿಟೈಲ್.

ಹೆಫೆವೈಜೆನ್ ಇದಕ್ಕೆ ಪೂರ್ತಿ ವಿರುದ್ಧ. ಇಲ್ಲಿ ಯೀಸ್ಟೇ ಯಜಮಾನ. ಮೂಗಿಗೆ ಬಾಳೆಹಣ್ಣು, ಲವಂಗ. ಎರಡನ್ನೂ ಯಾರೂ ಹಾಕಿಲ್ಲ. ಬಾಳೆಹಣ್ಣಿನ ಘಮ ಐಸೋಅಮೈಲ್ ಅಸಿಟೇಟ್, ಲವಂಗದ್ದು 4-ವಿನೈಲ್ ಗ್ವಾಯಕಾಲ್, ಎರಡೂ ಹುದುಗುವಾಗ ಹುಟ್ಟಿದವು. ಫ್ರಿಜ್ಜಿನಿಂದ ತೆಗೆದ ಕೂಡಲೇ ಲವಂಗ ಮುಂದಿತ್ತು, ಬೆಚ್ಚಗಾದಂತೆ ಬಾಳೆಹಣ್ಣು ಅದನ್ನು ಹಿಂದಕ್ಕೆ ಹಾಕಿತು. ಈ ಬಿಯರಿನಲ್ಲಿ ಅನಿಲ ತುಂಬ ಜಾಸ್ತಿ. ಸುರಿಯುವಾಗ ಗ್ಲಾಸನ್ನು ಪೂರ್ತಿ ವಾಲಿಸದಿದ್ದರೆ 75 ಮಿ.ಲೀ.ಗೆ ಬರುವುದು ಬರೀ ನೊರೆ. ತಳದ ಯೀಸ್ಟನ್ನು ಕಲಕಿ ಸುರಿಯುವುದು ಇದಕ್ಕೆ ಸರಿ, ಬೇರೆ ಐದಕ್ಕೂ ಬೇಡ.

ಟ್ರಿಪೆಲ್ ಕಣ್ಣಿಗೆ ಮೋಸ ಮಾಡುವ ಬಿಯರ್. ಚಿನ್ನದ ಬಣ್ಣ, ಹಗುರವಾದ ನೊರೆ, ಆದರೆ ಆಲ್ಕೋಹಾಲ್ 7.5ರಿಂದ 9.5%. ಕಪ್ಪಗೆ ಗಟ್ಟಿಯಾಗಿ ಕಾಣುವ ಡ್ರೈ ಸ್ಟೌಟ್ ಸಾಮಾನ್ಯವಾಗಿ 5% ದಾಟುವುದಿಲ್ಲ. ಬಣ್ಣ ಬರುವುದು ಹುರಿದ ಕಾಳಿನಿಂದ, ಅಮಲು ಬರುವುದು ಸಕ್ಕರೆ ಎಷ್ಟು ಹುದುಗಿತು ಅನ್ನುವುದರಿಂದ. ಎರಡಕ್ಕೂ ಸಂಬಂಧವೇ ಇಲ್ಲ. ಆದರೂ ಕಪ್ಪು ಬಿಯರ್ ಕಂಡರೆ "ಅಯ್ಯೋ, ಇದು ಸ್ಟ್ರಾಂಗ್" ಅನ್ನುವವರೇ ಜಾಸ್ತಿ.

ಈ ಸಾಲಿನಲ್ಲಿ ನನಗೆ ಕುತೂಹಲ ಇದ್ದದ್ದು ಎರಡು ಕಪ್ಪು ಗ್ಲಾಸುಗಳ ಮೇಲೆ. ಶ್ವಾರ್ಟ್ಸ್‌ಬಿಯರ್ ಅಂದರೆ ಕಪ್ಪು ಲಾಗರ್. ಪಕ್ಕದಲ್ಲಿ ಸ್ಟೌಟ್. ಹಾಳೆಯಲ್ಲಿ ಎರಡಕ್ಕೂ "ಕಾಫಿ, ಹುರಿದ ಕಾಳು, ಸ್ವಲ್ಪ ಸುಟ್ಟ ಬ್ರೆಡ್" ಅಂತ ಬರೆದೆ. ಸ್ಟೌಟ್‌ಗೆ ಜಾಸ್ತಿ ಅಂಕ, ಶ್ವಾರ್ಟ್ಸ್‌ಗೆ "ಅದೇ, ಆದರೆ ತೆಳು" ಅನ್ನುವ ಟಿಪ್ಪಣಿ.

ಎರಡನೇ ಸಾಲು, ಬಣ್ಣ ಕಾಣದಂತೆ

ಇಲ್ಲಿ ತಮ್ಮ ಬೇಕಾದ. ಅವನು ಬಿಯರ್ ಮುಟ್ಟುವುದಿಲ್ಲ. ಸುರಿಯಲಿಕ್ಕೆ ಅದಕ್ಕಿಂತ ಒಳ್ಳೆಯ ಜನ ಸಿಗುವುದಿಲ್ಲ. ಅಡುಗೆಮನೆಯಲ್ಲಿ ಸುರಿದು, ಯಾವ ನಂಬರಿಗೆ ಯಾವ ಬಿಯರ್ ಅಂತ ತನ್ನ ಚೀಟಿಯಲ್ಲಿ ಬರೆದುಕೊಂಡು, ಹಲಗೆ ತಂದಿಡುವುದು ಅವನ ಕೆಲಸ. ನಂಬರ್ 1, 2, 3 ಅಂತ ಇಟ್ಟರೆ ಮನಸ್ಸು 1ಕ್ಕೆ ಒಲಿಯುತ್ತದೆ. ಅದಕ್ಕೆ 417, 862, 295 ಥರ ಅರ್ಥವಿಲ್ಲದ ಮೂರಂಕಿ. ರುಚಿ ಪರೀಕ್ಷೆಯ ಲ್ಯಾಬುಗಳಲ್ಲೂ ಇದೇ ರೂಢಿ.

ಬಣ್ಣ ಮುಚ್ಚಲು ಪ್ರತಿ ಗ್ಲಾಸಿಗೂ ಕಪ್ಪು ರಟ್ಟಿನ ಕವಚ ಸುತ್ತಿದೆ. ಮೇಲಿನಿಂದ ಇಣುಕಿದರೆ ಕಾಣುತ್ತದಲ್ಲ, ಅದಕ್ಕೆ ಬಿಳಿ ಬಲ್ಬ್ ತೆಗೆದು ಮಂದ ಕೆಂಪು ಬಲ್ಬ್. ಕೆಂಪು ಬೆಳಕಿನಲ್ಲಿ ಹಳದಿ, ಕಂದು, ತಾಮ್ರ ಎಲ್ಲ ಕಲಸಿಹೋಗುತ್ತವೆ. ನೊರೆಯ ಬಣ್ಣವೂ ಸುಳಿವು ಕೊಡದಿರಲಿ ಅಂತ ನೊರೆ ಇಳಿಯುವವರೆಗೆ ಕಾದೆವು.

ಅದೇ ಶ್ವಾರ್ಟ್ಸ್‌ಬಿಯರ್‌ಗೆ ಈ ಸಲ ನಾನು ಬರೆದದ್ದು: "ಶುದ್ಧ, ಬ್ರೆಡ್ಡಿನ ಅಂಚು, ಹಗುರ, ಲಾಗರ್ ಇರಬೇಕು." ಕಾಫಿಯ ಮಾತೇ ಇಲ್ಲ. ಅಂಕವೂ ಮೇಲೇರಿತ್ತು. ಚೀಟಿ ತೆಗೆದಾಗ ತಮ್ಮ, "ಅಣ್ಣಾ, ಹೋದ ಸಲ ಇದಕ್ಕೇ ಕಾಫಿ ಅಂದಿದ್ದೆ ನೀನು" ಅಂತ ಹಳೇ ಹಾಳೆ ಮುಂದಿಟ್ಟ. ಸ್ಟೌಟ್ ಮಾತ್ರ ಕತ್ತಲಲ್ಲೂ ಸ್ಟೌಟೇ. ಅದರಲ್ಲಿ ಹುರಿದ ಬಾರ್ಲಿ ಇರುತ್ತದೆ, ಆ ಖಾರವಾದ ಕಹಿ ಅಡಗುವುದಿಲ್ಲ. ಶ್ವಾರ್ಟ್ಸ್‌ಗೆ ಎಷ್ಟೋ ತಯಾರಕರು ಹೊಟ್ಟು ತೆಗೆದ ಕಪ್ಪು ಮಾಲ್ಟ್ ಹಾಕುತ್ತಾರೆ. ಬಣ್ಣ ಬರುತ್ತದೆ, ಸುಟ್ಟ ಒಗರು ಬರುವುದಿಲ್ಲ. ಮೊದಲ ಸಾಲಿನಲ್ಲಿ ಕಾಫಿ ಕುಡಿದದ್ದು ನನ್ನ ಕಣ್ಣು.

ಇದು ನನ್ನೊಬ್ಬನ ಕತೆಯೂ ಅಲ್ಲ. ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ಓದುತ್ತಿದ್ದ 54 ಮಂದಿಗೆ ಬಿಳಿ ವೈನಿಗೆ ವಾಸನೆ ಇಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದರ ಘಮವನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ವರ್ಣಿಸಿದರು. 2001ರಲ್ಲಿ ಪ್ರಕಟವಾದ ಅಧ್ಯಯನ ಅದು.

ಮೂರು ಗ್ಲಾಸಿನ ಪರೀಕ್ಷೆ

ಎರಡು ಬಿಯರ್ ನಿಜಕ್ಕೂ ಬೇರೆಯೇ, ಅಥವಾ ನಮಗೆ ಹಾಗನ್ನಿಸುತ್ತಿದೆಯೇ? ಇದನ್ನು ತಿಳಿಯುವ ದಾರಿಗೆ ತ್ರಿಕೋನ ಪರೀಕ್ಷೆ ಅನ್ನುತ್ತಾರೆ. 1940ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬ್ರೂವರಿಯಲ್ಲಿ ಇದನ್ನು ಬಳಸಲು ಶುರುಮಾಡಿದರು. ಮೂರು ಗ್ಲಾಸಿನಲ್ಲಿ ಎರಡು ಒಂದೇ ಬಿಯರ್, ಒಂದು ಬೇರೆ. ಬೇರೆ ಯಾವುದು ಅಂತ ಹೇಳಬೇಕು, ಅಷ್ಟೇ. ಸುಮ್ನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿ ಬರುತ್ತದೆ. ಆದ್ದರಿಂದ ಒಂದೇ ಸುತ್ತು ಗೆದ್ದು ಮೀಸೆ ತಿರುವಬಾರದು. ಆರು ಸುತ್ತು ಆಡಿದರೆ ನಾಲ್ಕು ಅಥವಾ ಹೆಚ್ಚು ಸರಿ ಬರುವುದು ಬರೀ ಅದೃಷ್ಟದಿಂದಲೂ ನೂರಕ್ಕೆ ಹತ್ತು ಸಲ ಆಗಬಹುದು. ಐದು ಅಥವಾ ಹೆಚ್ಚು ಸರಿ ಬರುವ ಸಾಧ್ಯತೆ 729ರಲ್ಲಿ 13, ಅಂದರೆ 2%ಗಿಂತ ಕಡಿಮೆ. ಐದು ಬಂದರೆ ನಂಬಬಹುದು. ಆರು ಸುತ್ತಿಗೂ ಜೋಡಣೆ ಬೇರೆ ಬೇರೆ ಇರಲಿ. ಎಬಿಬಿ, ಬಿಎಬಿ, ಬಿಬಿಎ, ಬಿಎಎ, ಎಬಿಎ, ಎಎಬಿ ಅಂತ ಸರಿಯಾಗಿ ಆರೇ ಜೋಡಣೆ ಇವೆ. ಒಂದೊಂದು ಗುಟುಕಿಗೆ 20 ಮಿ.ಲೀ. ಸಾಕು.

ಮೊದಲು ಬಿಸಿಲು. ಒಂದೇ ಪಿಲ್ಸನ್ನು ಎರಡು ಗ್ಲಾಸಿಗೆ ಸುರಿದು, ಒಂದಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಎರಡನ್ನೂ ಐಸ್ ನೀರಿನ ಗಾಜಿನ ಪಾತ್ರೆಯಲ್ಲಿ ನಿಲ್ಲಿಸಿ 20 ನಿಮಿಷ ಬಿಸಿಲಿಗಿಟ್ಟೆವು. ಎರಡರಿಂದಲೂ ಅನಿಲ ಒಂದೇ ಸಮ ಹೋಗಿರುತ್ತದೆ, ತಂಪೂ ಒಂದೇ. ಬೇರೆ ಇರುವುದು ಬೆಳಕು ಮಾತ್ರ. ಇದನ್ನು ಗುರುತಿಸಲು ತರಬೇತಿ ಬೇಡ. ಹಾಪ್ಸ್‌ನ ಕಹಿ ವಸ್ತು ಬೆಳಕಿಗೆ ಒಡೆದು, ಗಂಧಕದ ಜೊತೆ ಸೇರಿ, 3-ಮೀಥೈಲ್-2-ಬ್ಯೂಟೀನ್-1-ಥಯೋಲ್ ಆಗುತ್ತದೆ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗು ಹಿಡಿಯುತ್ತದೆ. ಸುಟ್ಟ ರಬ್ಬರಿನ ಹತ್ತಿರದ ನಾತ. ಕಂದು ಬಾಟಲಿ ಈ ಬೆಳಕನ್ನು ಬಹಳಷ್ಟು ತಡೆಯುತ್ತದೆ, ಕ್ಯಾನ್ ಪೂರ್ತಿ ತಡೆಯುತ್ತದೆ. ಹಸಿರು ಮತ್ತು ಬಿಳಿ ಬಾಟಲಿಗಳ ರಕ್ಷಣೆ ಅಷ್ಟಕ್ಕಷ್ಟೆ. ಬಿಯರ್ ಆರಿಸುವಾಗ ಇದೊಂದು ನೆನಪಿಟ್ಟರೆ ಎಷ್ಟೋ ಬೇಸರ ತಪ್ಪುತ್ತದೆ.

ಆಮೇಲೆ ಐಪಿಎ. ಒಂದೇ ದಿನ ತುಂಬಿದ ಎರಡು ಕ್ಯಾನ್. ಒಂದನ್ನು ತಂದ ದಿನದಿಂದ ಫ್ರಿಜ್ಜಿನಲ್ಲಿ, ಇನ್ನೊಂದನ್ನು ಕೆಲವು ವಾರ ಕಪಾಟಿನಲ್ಲಿ ಇಟ್ಟಿದ್ದೆ. ಇಲ್ಲಿ ವ್ಯತ್ಯಾಸ ಬಿಸಿಲಿನಷ್ಟು ಗಟ್ಟಿಯಾಗಿ ಕೂಗುವುದಿಲ್ಲ. ನಾಲಿಗೆಯಲ್ಲಿ ಕಹಿ ಹೆಚ್ಚುಕಮ್ಮಿ ಹಾಗೇ ಇತ್ತು. ಹೋಗಿದ್ದು ಘಮ. ಕಿತ್ತಳೆ ಸಿಪ್ಪೆ, ಮಾವಿನ ವಾಸನೆ ಇದ್ದ ಜಾಗದಲ್ಲಿ ಜೇನಿನಂಥ ಸಿಹಿ, ಹಿಂದೆ ಒದ್ದೆ ರಟ್ಟಿನ ನೆರಳು. ಮೂಸಿ ಹೇಳಿದರೆ ಸಿಗುತ್ತಿತ್ತು, ಮೂಗು ಹಿಡಿದು ಕುಡಿದರೆ ಸಿಗುತ್ತಲೇ ಇರಲಿಲ್ಲ. ಕ್ಯಾನಿನ ತಳದ ತಾರೀಖು ನೋಡದೆ ಎರಡು ಐಪಿಎಗಳನ್ನು ಹೋಲಿಸುವುದು ವ್ಯರ್ಥ.

ಮೂಗು ಸೋತಾಗ ಕಾಫಿ ಬೀಜ ಮೂಸುವ ಪದ್ಧತಿ ಕೆಲವರಿಗಿದೆ. ಅದು ಇನ್ನೊಂದು ವಾಸನೆ ಸೇರಿಸುತ್ತದೆ ಅಷ್ಟೇ. ನಿಮ್ಮದೇ ತೋಳು ಮೂಸಿ, ಅಥವಾ ಎದ್ದು ಕಿಟಕಿ ಹತ್ತಿರ ಹೋಗಿ ಬನ್ನಿ. ನಾಲಿಗೆಗೆ ಉಪ್ಪಿಲ್ಲದ ಬ್ರೆಡ್ ಮತ್ತು ನೀರು.

ಹಾಳೆ ಮತ್ತು ಲೆಕ್ಕ

ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಜೆಸಿಪಿ ಅನ್ನುವ ಬಿಯರ್ ತೀರ್ಪುಗಾರರ ಸಂಸ್ಥೆಯ ಅಂಕಪಟ್ಟಿ 50ಕ್ಕೆ. ಘಮಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಗಟ್ಟಿಯೋ ತೆಳುವೋ ಅನ್ನಿಸುವುದಕ್ಕೆ 5, ಒಟ್ಟು ಅನಿಸಿಕೆಗೆ 10. ನೋಟಕ್ಕೆ ಬರೀ 3 ಇಟ್ಟದ್ದು ಜಾಣತನ. ಆದರೆ ಅದು ಒಂದು ಬಿಯರ್ ತನ್ನ ಶೈಲಿಗೆ ಎಷ್ಟು ನಿಷ್ಠ ಅಂತ ಅಳೆಯುವ ಪಟ್ಟಿ. ಬೇರೆ ಬೇರೆ ಶೈಲಿಗಳನ್ನು ಪಕ್ಕಪಕ್ಕ ಇಟ್ಟಾಗ ಪಿಲ್ಸ್‌ಗೆ 38, ಸ್ಟೌಟ್‌ಗೆ 36 ಅನ್ನುವುದಕ್ಕೆ ಏನರ್ಥ? ನನ್ನ ಹಾಳೆಯಲ್ಲಿ ಈಗ ಅಂಕ ಇಲ್ಲ. ಸುರಿದಾಗಿನ ಡಿಗ್ರಿ, ಮೊದಲ ಮೂಸಿನಲ್ಲಿ ಬಂದ ಎರಡು ಮಾತು, ಹತ್ತು ನಿಮಿಷದ ನಂತರ ಎರಡು ಮಾತು, ಇನ್ನೊಂದು ಗ್ಲಾಸ್ ಬೇಕೋ ಬೇಡವೋ. ಕೊನೆಯ ಕಾಲಂ ಸುಳ್ಳು ಹೇಳುವುದಿಲ್ಲ.

ಆರು ಗ್ಲಾಸ್ ಅಂದರೆ 450 ಮಿ.ಲೀ. ಟ್ರಿಪೆಲ್ ಸೇರಿ ಸರಾಸರಿ 5.75% ಹಿಡಿದರೆ ಒಳಗೆ ಹೋಗುವುದು ಸುಮಾರು 20 ಗ್ರಾಂ ಆಲ್ಕೋಹಾಲ್. ತ್ರಿಕೋನ ಪರೀಕ್ಷೆ ಆರು ಸುತ್ತು ಆಡಿದರೆ ಇನ್ನೂ 360 ಮಿ.ಲೀ. ಎರಡನ್ನೂ ಒಂದೇ ಸಂಜೆ ಮಾಡಬೇಡಿ. ಅಮಲು ಏರಿದ ಮೇಲೆ ಎಲ್ಲ ಬಿಯರೂ ಚೆನ್ನಾಗಿರುತ್ತವೆ, ಹಾಳೆ ಕೆಲಸಕ್ಕೆ ಬರುವುದಿಲ್ಲ. ಆಮೇಲೆ ಗಾಡಿ ಮುಟ್ಟುವ ಮಾತೇ ಇಲ್ಲ.

ಉಳಿದ ರಿಪೇರಿ

ಫ್ರಿಜ್ 6 ಡಿಗ್ರಿಗೆ ನಿಲ್ಲತೊಡಗಿದ ಮೇಲೆ ತಳದಲ್ಲಿ ನೀರು ನಿಲ್ಲಲು ಶುರುವಾಯಿತು. ಮೊದಲು ಮಂಜಾಗಿಯೇ ಇರುತ್ತಿದ್ದದ್ದು ಈಗ ಕಂಪ್ರೆಸರ್ ನಿಂತಾಗಲೆಲ್ಲ ಕರಗುತ್ತದೆ. ಹಿಂಗೋಡೆಯ ಕೆಳಗಿರುವ ನೀರು ಹೋಗುವ ತೂತು ಕಟ್ಟಿಕೊಂಡಿತ್ತು. ಮೃದುವಾದ ಪ್ಲಾಸ್ಟಿಕ್ ವೈರ್ ತೂರಿಸಿ, ಉಗುರು ಬೆಚ್ಚಗಿನ ನೀರು ಬಿಟ್ಟಾಗ ತೆರೆದುಕೊಂಡಿತು. ಬಾಗಿಲಿನ ರಬ್ಬರನ್ನೂ ನೋಡಿದೆ. ಕಾಗದದ ಪಟ್ಟಿ ಇಟ್ಟು ಬಾಗಿಲು ಮುಚ್ಚಿ ಎಳೆದರೆ ಬಿಗಿ ಇರಬೇಕು. ಕೆಳಗಿನ ಒಂದು ಮೂಲೆಯಲ್ಲಿ ಪಟ್ಟಿ ಸಲೀಸಾಗಿ ಜಾರಿತು. ಹೇರ್ ಡ್ರೈಯರಿನಿಂದ ರಬ್ಬರನ್ನು ಬೆಚ್ಚಗೆ ಮಾಡಿ, ಕೈಯಿಂದ ಹೊರಕ್ಕೆ ಎಳೆದು ಆಕಾರಕ್ಕೆ ತಂದು, ತೆಳ್ಳಗೆ ವ್ಯಾಸಲೀನ್ ಸವರಿ, ಇಡೀ ರಾತ್ರಿ ಬಾಗಿಲು ಮುಚ್ಚಿಟ್ಟೆ. ಈಗ ಪಟ್ಟಿ ಹರಿಯುತ್ತದೆಯೇ ಹೊರತು ಜಾರುವುದಿಲ್ಲ.

ಮುಂದಿನ ಸಾಲಿಗೆ ಹುಳಿ ಬಿಯರ್‌ಗಳು: ಗೋಸೆ, ಬರ್ಲಿನರ್ ವೈಸೆ, ಲ್ಯಾಂಬಿಕ್. ಹಲಗೆಯಲ್ಲಿ ಬದಲಾವಣೆ ಏನೂ ಬೇಡ. ಲ್ಯಾಂಬಿಕ್ ಬಾಟಲಿ ಮಾತ್ರ ಎತ್ತರ, ನಡು ತಟ್ಟೆಯಲ್ಲಿ ನಿಲ್ಲುವುದಿಲ್ಲ. ಮೇಲಿನ ತಟ್ಟೆಯನ್ನು ಒಂದು ಮೆಟ್ಟಿಲು ಎತ್ತಿ, ಪ್ರೋಬ್ ಬಾಟಲಿಯನ್ನೂ ಜೊತೆಗೆ ಸರಿಸಿ, ಐಸ್ ಪರೀಕ್ಷೆ ಮತ್ತೊಮ್ಮೆ ಮಾಡಬೇಕು.